ಕ್ಯಾಲಿಬರ್: ಇಪಬ್‌ಗೆ ಸೈ, ಕನ್ನಡ ಪಿಡಿಎಫ್‌ಗೆ ಬೇಡ

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ ಇನ್ನೊಂದು ಪುಸ್ತಕದ ಕಪಾಟಿಗೆ ಜಾಗವಿಲ್ಲ. ಹಾಗಾಗಿ ಕೆಲವು ವರ್ಷಗಳಿಂದ ಜಾಸ್ತಿ ಕೊಳ್ಳುವುದು ಇ-ಪುಸ್ತಕಗಳನ್ನೇ. ಅವೆಲ್ಲ ಇರುವುದು ಕ್ಯಾಲಿಬರ್‌ನಲ್ಲಿ. ಕೋವಿದ್ ಗೋಯಲ್ 2006ರಲ್ಲಿ ಸೋನಿ ಇ-ರೀಡರ್‌ಗಾಗಿ ಶುರು ಮಾಡಿದ, ಇ-ಪುಸ್ತಕಗಳನ್ನು ಜೋಡಿಸಿಡುವ, ಅವುಗಳ ಫೈಲ್ ರೂಪ ಬದಲಿಸುವ ಉಚಿತ ತಂತ್ರಾಂಶ ಇದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ನೋಡಲು ಚಂದವೇನಿಲ್ಲ, ಆದರೆ ಕೆಲಸಕ್ಕೆ ಗಟ್ಟಿ.

ಪುಸ್ತಕ ಸೇರಿಸಿದರೆ ಅದು ತನ್ನದೇ ಫೋಲ್ಡರ್‌ನಲ್ಲಿ ಲೇಖಕರ ಹೆಸರಿನಡಿ ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ಕನ್ನಡ ಹೆಸರುಗಳು ಅಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಬದಲಾಗಿ ಗುರುತೇ ಸಿಗುವುದಿಲ್ಲ. ಹಾಗಂತ ಸುಮ್ನೆ ಆ ಫೋಲ್ಡರ್‌ಗೆ ಕೈ ಹಾಕಬೇಡಿ, ಕ್ಯಾಲಿಬರ್‌ಗೆ ಪುಸ್ತಕ ಸಿಗದೇ ಹೋಗುತ್ತದೆ. ಒಳಗಿನ ಪಟ್ಟಿಯಲ್ಲಿ ಕನ್ನಡ ಸರಿಯಾಗೇ ಕಾಣುತ್ತದೆ. ಇನಿಶಿಯಲ್ ನಡುವೆ ಜಾಗ ಬಿಟ್ಟರೆ ಒಬ್ಬ ಲೇಖಕ, ಬಿಡದಿದ್ದರೆ ಇನ್ನೊಬ್ಬ ಎಂದು ಲೆಕ್ಕ ಹಾಕುತ್ತದೆ. ಹೆಸರು ತಿದ್ದಿದರೆ ಇಬ್ಬರೂ ಒಂದಾಗುತ್ತಾರೆ. ನೆಟ್‌ನಿಂದ ಮುಖಪುಟ, ವಿವರ ತರುವ ಸೌಲಭ್ಯ ಇಂಗ್ಲಿಷ್ ಪುಸ್ತಕಗಳಿಗೆ ಚೆನ್ನಾಗಿದೆ. ಕನ್ನಡದ್ದನ್ನು ನಾನು ಕೈಯಲ್ಲೇ ತುಂಬುತ್ತೇನೆ.

ಇನ್ನು ಪರಿವರ್ತನೆ, ಅಂದರೆ ಪುಸ್ತಕದ ಫೈಲನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವುದು. ಇಪಬ್ ಇ-ಪುಸ್ತಕಗಳ ಸಾಮಾನ್ಯ ರೂಪ, ಎಝಡ್‌ಡಬ್ಲ್ಯೂ3 ಕಿಂಡಲ್‌ನದು. ಇಪಬ್‌ನಿಂದ ಎಝಡ್‌ಡಬ್ಲ್ಯೂ3 ಮಾಡಲು ಕಾಯಬೇಕಿಲ್ಲ, ಅಧ್ಯಾಯಗಳೂ ಉಳಿಯುತ್ತವೆ. ನನ್ನ ಹಳೆ ಇ-ರೀಡರ್‌ನಲ್ಲಿ ಕನ್ನಡ ಬರೀ ಚೌಕಗಳಾಗಿ ಬರುತ್ತಿತ್ತು. ಪರಿವರ್ತಿಸುವಾಗ 'ಲುಕ್ ಅಂಡ್ ಫೀಲ್' ಎಂಬ ವಿಭಾಗದಲ್ಲಿ ನೋಟೋ ಸೆರಿಫ್ ಕನ್ನಡ ಫಾಂಟನ್ನು ಪುಸ್ತಕದೊಳಗೇ ಸೇರಿಸಿದೆ. ಅಕ್ಷರ ಬಂತು. ಒತ್ತಕ್ಷರ ಸರಿಯಾಗಿ ಕೂರುವುದು ಮಾತ್ರ ರೀಡರ್‌ಗೆ ಬಿಟ್ಟದ್ದು.

ಪಿಡಿಎಫ್ ತಂದು ಇಪಬ್ ಮಾಡಿಬಿಡೋಣ ಅಂತ ಆಸೆ ಆಗುತ್ತದೆ ಅಲ್ವಾ? ಬೇಡ. ಹಳೆ ನುಡಿ, ಬರಹ ಫಾಂಟ್‌ಗಳಲ್ಲಿ ಮಾಡಿದ ಪಿಡಿಎಫ್ ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಪರಿವರ್ತಿಸಿದರೆ ಆ ಗೋಜಲೇ ಹೊರಗೆ ಬರುತ್ತದೆ. ಒಳಗೂ ಕನ್ನಡ ಅಕ್ಷರವೇ ಇರುವ ಯೂನಿಕೋಡ್ ಪಿಡಿಎಫ್‌ನಲ್ಲೂ ಒತ್ತು, ಕೊಂಬು ಎಲ್ಲೆಲ್ಲೋ ಹೋಗುತ್ತವೆ. ಪಿಡಿಎಫ್ ಪರಿವರ್ತನೆಗೆ ತೀರಾ ಕೆಟ್ಟದ್ದು ಎಂದು ಕ್ಯಾಲಿಬರ್ ಕೈಪಿಡಿಯೇ ಹೇಳುತ್ತದೆ. ಅಂಥದ್ದನ್ನು ಟ್ಯಾಬ್ಲೆಟ್‌ನಲ್ಲಿ ಹಾಗೇ ಓದುತ್ತೇನೆ.

ಬೀಗ ಹಾಕಿದ, ಅಂದರೆ ನಕಲು ತಡೆಯುವ ಡಿಆರ್‌ಎಂ ಇರುವ ಪುಸ್ತಕಗಳನ್ನು ಕ್ಯಾಲಿಬರ್ ಪರಿವರ್ತಿಸುವುದಿಲ್ಲ. ಒಂದು ಆ್ಯಪ್‌ನಲ್ಲಿ ಕೊಂಡ ಕಾದಂಬರಿಗಳಂತೂ ಆ ಆ್ಯಪ್ ಬಿಟ್ಟು ಆಚೆ ಬರುವುದೇ ಇಲ್ಲ, ದುಡ್ಡು ಕೊಟ್ಟಿದ್ದು ನಾನೇ ಆದರೂ. ಆದ್ದರಿಂದ ಈಗ ಬೀಗ ಇದೆಯೇ ಎಂದು ಕೊಳ್ಳುವ ಮೊದಲೇ ನೋಡುತ್ತೇನೆ. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಪ್ರಕಾಶಕರು ಬೀಗ ಹಾಕದ ಪುಸ್ತಕಗಳ ಪುಟದಲ್ಲಿ ಹಾಗೆಂದು ಬರೆದಿರುತ್ತದೆ. ಅವನ್ನು ನೇರ ಇಳಿಸಿಕೊಳ್ಳಬಹುದು.

ನನಗೆ ತುಂಬಾ ಹಿಡಿಸಿದ್ದು ಕಂಟೆಂಟ್ ಸರ್ವರ್. ಅದನ್ನು ಆನ್ ಮಾಡಿದರೆ ಮನೆಯ ವೈಫೈನಲ್ಲಿ ಫೋನಿನ ಬ್ರೌಸರ್‌ನಿಂದಲೇ ಇಡೀ ಸಂಗ್ರಹ ಸಿಗುತ್ತದೆ. ರಾತ್ರಿ ಒಂದೆರಡು ಪುಸ್ತಕ ಫೋನಿಗೆ ಇಳಿಸಿಕೊಂಡರೆ ಬೆಳಗಿನ ಮುಂಬೈ ಸಿಎಸ್‌ಎಂಟಿ ಲೋಕಲ್ ರೈಲಿನಲ್ಲಿ ಸಿಗ್ನಲ್ ಹೋದರೂ ಚಿಂತೆಯಿಲ್ಲ, ಸೀಟು ಸಿಕ್ಕರೆ ಸಾಕು.