ಡಿಸ್ಕ್ ಬ್ರೇಕ್ ಕಿರುಚುತ್ತಿದೆಯೇ? ದಯವಿಟ್ಟು ಎಣ್ಣೆ ಹೊಡೆಸಬೇಡಿ

ಉಡುಪಿ ಹತ್ತಿರದ ಮಣಿಪಾಲದಿಂದ ಇಂದ್ರಾಳಿಗೆ ಇಳಿಯುವಾಗ ನನ್ನ ಬೈಕಿನ ಮುಂದಿನ ಬ್ರೇಕ್ ಹಿಡಿಯಲಿಲ್ಲ. ಹಿಂದೆ ಅಮ್ಮ ಕೂತಿದ್ದರು. ಬಿದ್ದ ಏಟಿಗೆ ಅವರ ಬಲಗೈ ಮಣಿಕಟ್ಟು ಮುರಿಯಿತು. ಕಾರಣ, ಅರ್ಧ ಗಂಟೆ ಮೊದಲು ನಾನೇ ದುಡ್ಡು ಕೊಟ್ಟು ಮಾಡಿಸಿದ ಒಂದು "ರಿಪೇರಿ".

ನಮ್ಮ ಮನೆ ಮಲ್ಪೆ ಕಡೆ. ಉಪ್ಪುಗಾಳಿ, ಹೊಯಿಗೆ, ಅದರ ಮೇಲೆ ಮಳೆ. ಜುಲೈಯಲ್ಲೇ ಮುಂದಿನ ಡಿಸ್ಕ್ ಕೀಂಯ್ ಅನ್ನಲು ಶುರುವಾಗಿತ್ತು. ಮೊದಮೊದಲು ಬೆಳಿಗ್ಗೆ ಮಾತ್ರ. ಅದಕ್ಕೆ ಹೆದರಬೇಕಿಲ್ಲ. ರಾತ್ರಿಯ ಮಳೆಗೆ ಡಿಸ್ಕ್ ಮೇಲೆ ತೆಳ್ಳಗೆ ತುಕ್ಕು ಕೂರುತ್ತದೆ, ನಾಲ್ಕು ಸಲ ಬ್ರೇಕ್ ಹಿಡಿದರೆ ಉಜ್ಜಿ ಹೋಗುತ್ತದೆ. ನನ್ನದು ಹೋಗಲಿಲ್ಲ. ಆಗಸ್ಟ್ ಹೊತ್ತಿಗೆ ಉಡುಪಿಯ ಕಲ್ಸಂಕದಲ್ಲಿ ಬ್ರೇಕ್ ಹಿಡಿದರೆ ಜನ ತಿರುಗಿ ನೋಡುತ್ತಿದ್ದರು.

ಆವತ್ತು ಅಮ್ಮನ ಕಣ್ಣು ತೋರಿಸಲು ಮಣಿಪಾಲಕ್ಕೆ ಹೋಗಿದ್ದೆವು. ಅವರು ಒಳಗಿದ್ದಾಗ ನಾನು ಹತ್ತಿರದ ಗ್ಯಾರೇಜಿಗೆ ಹೋದೆ. ಅಲ್ಲಿದ್ದ ಹುಡುಗ ಏನನ್ನೂ ಬಿಚ್ಚಲಿಲ್ಲ, ಡಿಸ್ಕನ್ನು ಅಮುಕಿ ಹಿಡಿಯುವ ಪ್ಯಾಡ್ ನೋಡಲೂ ಇಲ್ಲ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ತಂದು ಡಿಸ್ಕಿಗೂ, ಪ್ಯಾಡ್ ಕೂರುವ ಕ್ಯಾಲಿಪರ್ ಸಂದಿಗೂ ಹೊಡೆದ. ಚಕ್ರ ತಿರುಗಿಸಿ ಬಟ್ಟೆಯಲ್ಲಿ ಒರೆಸಿದ. "ಸೌಂಡ್ ಹೋಯ್ತು, ಐವತ್ತು ಕೊಡಿ" ಅಂದ. ನಿಜಕ್ಕೂ ಹೋಗಿತ್ತು. ಆಸ್ಪತ್ರೆವರೆಗೆ ನಿಧಾನಕ್ಕೆ ಬಂದೆ, ಹಿಂದಿನ ಬ್ರೇಕಿನಲ್ಲೇ ನಿಂತಿತು. ಏನೂ ಗೊತ್ತಾಗಲಿಲ್ಲ.

ಇಳಿಜಾರಿನಲ್ಲಿ ಮುಂದಿದ್ದ ಬಸ್ಸು ನಿಂತಿತು. ಲಿವರ್ ಎಳೆದೆ. ಲಿವರ್ ಗಟ್ಟಿಯಾಗಿಯೇ ಇತ್ತು, ಬೈಕ್ ಮಾತ್ರ ಓಡುತ್ತಲೇ ಇತ್ತು. ಹಿಂದಿನ ಬ್ರೇಕ್ ಜೋರಾಗಿ ತುಳಿದೆ. ಒದ್ದೆ ರಸ್ತೆಯಲ್ಲಿ ಚಕ್ರ ಜಾರಿತು. ಬಸ್ಸಿಗೆ ಗುದ್ದುವುದು ಬೇಡ ಅಂತ ಎಡಕ್ಕೆ ತಿರುಗಿಸಿದೆ, ರಸ್ತೆ ಪಕ್ಕದ ಕೆಸರಿಗೆ ಇಬ್ಬರೂ ಬಿದ್ದೆವು. ಅಮ್ಮ ಕೈ ಊರಿಬಿಟ್ಟರು. ಎದ್ದ ಕೂಡಲೇ ಅವರು ಕೇಳಿದ್ದು, "ನಿಂಗೇನೂ ಆಗ್ಲಿಲ್ಲ ಅಲ್ವಾ?" ಅಂತ.

"ಬೈಕಿಗೆ ಎಬಿಎಸ್ ಇತ್ತಲ್ಲ?" ಅಂತ ಆಮೇಲೆ ತುಂಬ ಜನ ಕೇಳಿದರು. ಇತ್ತು, ಮುಂದಿನ ಚಕ್ರಕ್ಕೆ. ಅದು 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ ಕಡ್ಡಾಯ. ಆದರೆ ಎಬಿಎಸ್ ಮಾಡುವುದು ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಕೆಲಸ. ಎಣ್ಣೆ ಕುಡಿದ ಪ್ಯಾಡಿಗೆ ಅದು ಹಿಡಿತ ತಂದುಕೊಡುವುದಿಲ್ಲ.

ಸದ್ದು ಯಾಕೆ ನಿಂತಿತು ಅಂತ ಅರ್ಥವಾದ ಮೇಲೆ ನನಗೆ ಮೈ ನಡುಗಿತು. ಪ್ಯಾಡ್ ಡಿಸ್ಕನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು, ಸೆಕೆಂಡಿಗೆ ಸಾವಿರಾರು ಸಲ ಅದುರುವುದರಿಂದ ಆ ಕಿರುಚಾಟ ಬರುತ್ತದೆ. ಎಣ್ಣೆ ಬಿದ್ದರೆ ಪ್ಯಾಡಿಗೆ ಡಿಸ್ಕನ್ನು ಹಿಡಿಯಲಿಕ್ಕೇ ಆಗುವುದಿಲ್ಲ. ಹಿಡಿತವೇ ಇಲ್ಲದ ಮೇಲೆ ಸದ್ದು ಎಲ್ಲಿಂದ ಬರಬೇಕು?

ಆಮೇಲೆ ಬೇರೊಬ್ಬ ಮೆಕ್ಯಾನಿಕ್ ಕ್ಯಾಲಿಪರ್ ಬಿಚ್ಚಿ ನನ್ನ ಮುಂದೆಯೇ ಇಟ್ಟರು. ಒಂದು ಪ್ಯಾಡ್ ಹೆಚ್ಚುಕಮ್ಮಿ ಅದರ ಬೆನ್ನಿನ ಕಬ್ಬಿಣದ ತಟ್ಟೆವರೆಗೆ ಸವೆದಿತ್ತು. ಎದುರಿನದು ಇನ್ನೂ ದಪ್ಪ ಉಂಟು! ಇಂಥ ಕ್ಯಾಲಿಪರ್‌ನಲ್ಲಿ ಲಿವರ್ ಎಳೆದಾಗ ಮುಂದೆ ಬರುವ ಪಿಸ್ಟನ್ ಒಂದೇ ಕಡೆ ಇರುತ್ತದೆ. ಅದು ತನ್ನ ಕಡೆಯ ಪ್ಯಾಡನ್ನು ನೂಕುತ್ತದೆ, ಆಗ ಇಡೀ ಕ್ಯಾಲಿಪರ್ ಸ್ಲೈಡ್ ಪಿನ್ ಮೇಲೆ ಸರಿದು ಎದುರಿನ ಪ್ಯಾಡನ್ನೂ ಡಿಸ್ಕಿನ ಕಡೆಗೆ ಎಳೆಯುತ್ತದೆ. ನನ್ನ ಪಿನ್‌ಗಳು ತುಕ್ಕು ಹಿಡಿದು ಅಲುಗುತ್ತಲೇ ಇರಲಿಲ್ಲ. ಕಿರುಚಾಟದ ಮೂಲ ಅದು. ಬೈಕ್ ತಿಂಗಳಿಂದ ಹೇಳುತ್ತಿತ್ತು, ನಾನು ಅದರ ಬಾಯಿ ಮುಚ್ಚಿಸಿದ್ದೆ.

ಅವರು ಪಿನ್ ತೆಗೆದು ತುಕ್ಕು ಉಜ್ಜಿ, ಸಿಲಿಕೋನ್ ಗ್ರೀಸ್ ಹಚ್ಚಿದರು. ಮಾಮೂಲಿ ಗ್ರೀಸ್ ಹಚ್ಚಿದರೆ ಪಿನ್ನಿನ ರಬ್ಬರ್ ಉಬ್ಬಿ ಹಾಳಾಗುತ್ತದಂತೆ. ಪಿಸ್ಟನ್ ಸುತ್ತಲಿನ ಕೊಳೆ ತೆಗೆದರು. ಡಿಸ್ಕನ್ನು ಎಣ್ಣೆ ಜಿಡ್ಡು ತೆಗೆಯುವ ಬ್ರೇಕ್ ಕ್ಲೀನರ್‌ನಲ್ಲಿ ಒರೆಸಿ, ಅದರ ಮೇಲೆ ಕೊರೆದಿರುವ ಕನಿಷ್ಠ ದಪ್ಪದ ಅಳತೆಗೆ ತಾಳೆ ನೋಡಿದರು. ಪ್ಯಾಡ್ ಹೊಸದು ಹಾಕಿದರು. ಹೊಳಪು ಬಂದ ಪ್ಯಾಡನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಬಳಸಬಹುದು, ಎಣ್ಣೆ ಕುಡಿದದ್ದನ್ನು ಮಾತ್ರ ಎಸೆಯಲೇಬೇಕು ಅಂದರು. ಪ್ಯಾಡಿನ ಬೆನ್ನಿಗೆ, ಪಿಸ್ಟನ್ ತಾಗುವ ಕಡೆ ಮಾತ್ರ, ಬಿಸಿ ತಡೆಯುವ ಬ್ರೇಕ್ ಗ್ರೀಸ್ ಒಂಚೂರು ಸವರಿದರು. ಸದ್ದು ಪೂರ್ತಿ ಹೋಯಿತು. ಬ್ರೇಕೂ ಹಿಡಿಯಿತು.

ಹೊಸ ಪ್ಯಾಡ್ ಹಾಕಿಸಿದವರು ಇನ್ನೊಂದು ಗಮನಿಸಿ. ಪಿಸ್ಟನ್ ಹಿಂದಕ್ಕೆ ಒತ್ತಿರುತ್ತಾರೆ, ಹಾಗಾಗಿ ಮೊದಲ ಸಲ ಲಿವರ್ ಖಾಲಿ ಖಾಲಿ ಬರುತ್ತದೆ. ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿ, ಆಮೇಲೆ ಹೊರಡಿ. ಹೊಸ ಪ್ಯಾಡ್ ಡಿಸ್ಕಿಗೆ ಸರಿಯಾಗಿ ಕೂರುವವರೆಗೆ ಮುಂದಿನ ವಾಹನದಿಂದ ಜಾಸ್ತಿ ಅಂತರ ಇಟ್ಟುಕೊಳ್ಳಿ.

ಡಿಸ್ಕ್ ಹತ್ತಿರ ಯಾರಾದರೂ ಸ್ಪ್ರೇ ತಂದರೆ, ಅದು ಬ್ರೇಕ್ ಕ್ಲೀನರ್ರೋ ಎಣ್ಣೆಯೋ ಅಂತ ಡಬ್ಬಿ ಇಸಿದುಕೊಂಡು ಓದಿ. ಚೈನಿಗೆ ಎಣ್ಣೆ ಹೊಡೆಯುವಾಗಲೂ ಹಿಂದಿನ ಡಿಸ್ಕಿಗೆ ಬಟ್ಟೆ ಮುಚ್ಚಿಸಿ. ಈಗಾಗಲೇ ಎಣ್ಣೆ ಹೊಡೆದಾಗಿದ್ದರೆ ಗ್ಯಾರೇಜಿನವರ ಮುಲಾಜು ನೋಡಬೇಡಿ ಮಾರಾಯ್ರೇ, ಬೈಕ್ ಅಲ್ಲೇ ಬಿಟ್ಟು ರಿಕ್ಷಾ ಹಿಡಿದು ಮನೆಗೆ ಹೋಗಿ.