ಕೆಮಿಕಲ್ ಎಂಜಿನಿಯರಿಂಗೋ, ಕೈಗಾರಿಕಾ ರಸಾಯನಶಾಸ್ತ್ರವೋ?

ಪಿಯುಸಿ ಮುಗಿಸಿದ ಮಗಳಿಗೆ ರಸಾಯನಶಾಸ್ತ್ರ ಇಷ್ಟ, ಕಾರ್ಖಾನೆಯ ಕೆಲಸವೂ ಬೇಕು, ಯಾವುದಕ್ಕೆ ಸೇರಿಸಲಿ ಎಂದು ಕೇಳಿದ್ದೀರಿ.

ಮೊದಲು ಖರ್ಚು. ಬಿ.ಇ. ನಾಲ್ಕು ವರ್ಷ, ಬಿ.ಎಸ್ಸಿ., ಎಂ.ಎಸ್ಸಿ. ಸೇರಿದರೆ ಐದು. ಆದರೂ ಸರ್ಕಾರಿ ಪದವಿ ಕಾಲೇಜಿನ ಹಾದಿ ಖಾಸಗಿ ಎಂಜಿನಿಯರಿಂಗಿಗಿಂತ ಜೇಬಿಗೆ ಹಗುರ.

ನಿಜವಾದ ವ್ಯತ್ಯಾಸ ಕಲಿಕೆಯಲ್ಲಿದೆ. ಗಾಜಿನ ಫ್ಲಾಸ್ಕಿನಲ್ಲಿ ಬೆಂಜೀನಿನ ನೈಟ್ರೀಕರಣ (ನೈಟ್ರಿಕ್ ಆಮ್ಲದೊಂದಿಗಿನ ಕ್ರಿಯೆ) ಮಾಡಿದರೆ ಹುಟ್ಟುವ ಶಾಖ ಐಸಿನ ತೊಟ್ಟಿಗೆ ಇಳಿದುಹೋಗುತ್ತದೆ. ಅದನ್ನೇ ಗಾತ್ರದಲ್ಲಿ 1000 ಪಟ್ಟು ದೊಡ್ಡ ರಿಯಾಕ್ಟರಿನಲ್ಲಿ, ಅಂದರೆ ಕಾರ್ಖಾನೆಯ ಕ್ರಿಯಾಪಾತ್ರೆಯಲ್ಲಿ ಮಾಡಿ: ಶಾಖ 1000 ಪಟ್ಟು ಹುಟ್ಟಿದರೂ ಅದನ್ನು ಹೊರಬಿಡುವ ಹೊರಮೈ 100 ಪಟ್ಟು ಮಾತ್ರ ಹೆಚ್ಚುತ್ತದೆ, ಶಾಖ ಒಳಗೇ ಉಳಿದು ಕ್ರಿಯೆ ಕೈಮೀರಬಹುದು. ಈ ಶಾಖವನ್ನು ಹೊರಹಾಕುವ ಲೆಕ್ಕ ಎಂಜಿನಿಯರಿನದು. ಯಾವ ಆಮ್ಲ, ಯಾವ ಉಷ್ಣತೆ, ಕಲ್ಮಶವೇನು ಎನ್ನುವುದು ರಸಾಯನಶಾಸ್ತ್ರಜ್ಞನದು. ಕೈಗಾರಿಕಾ ರಸಾಯನಶಾಸ್ತ್ರ ಇವೆರಡರ ನಡುವೆ ನಿಲ್ಲುತ್ತದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗವಿದೆ.

ಗಣಿತ ಕಂಡರೆ ಓಡುವವರಿಗೆ ಬಿ.ಇ. ಬೇಡ, ಅಲ್ಲಿ ಡಿಫರೆನ್ಷಿಯಲ್ ಸಮೀಕರಣಗಳದೇ ರಾಜ್ಯಭಾರ. ಮಂಗಳೂರಿನ ಎಂ.ಆರ್.ಪಿ.ಎಲ್.ನಂತಹ ತೈಲ ಸಂಸ್ಕರಣಾಗಾರದಲ್ಲಿ ಘಟಕ ನಡೆಸುವ ಆಸೆಯಿದ್ದರೆ ಮಾತ್ರ ಬಿ.ಇ.ಯೇ ನೇರ ದಾರಿ. ಬಣ್ಣ, ಔಷಧ, ಪಾಲಿಮರ್ ಕಂಪನಿಗಳ ಗುಣಮಟ್ಟ ಪರೀಕ್ಷೆ, ಹೊಸ ಉತ್ಪನ್ನದ ಕೆಲಸ ಹಿಡಿಸಿದರೆ ಕೈಗಾರಿಕಾ ಎಂ.ಎಸ್ಸಿ. ಸಾಕು. ಉಪನ್ಯಾಸಕಿಯಾಗುವ ಯೋಚನೆಯೂ ಇದ್ದರೆ ಸಾಮಾನ್ಯ ರಸಾಯನಶಾಸ್ತ್ರದ ಎಂ.ಎಸ್ಸಿ. ಹೆಚ್ಚು ಕ್ಷೇಮ. ನೇಮಕಾತಿ ಅಧಿಸೂಚನೆಯಲ್ಲಿ ಪದವಿಯ ಹೆಸರಿನ ಬಗ್ಗೆ ತಕರಾರು ಏಳುವುದಿಲ್ಲ.

ಸೇರಿಸುವ ಮುನ್ನ ಪಠ್ಯಕ್ರಮದಲ್ಲಿ ಕಾರ್ಖಾನೆ ತರಬೇತಿ ಎಷ್ಟು ವಾರವಿದೆ ಎಂದು ವಿಭಾಗದಲ್ಲೇ ಕೇಳಿ.