ಸ್ಲ್ಯಾಬ್ ಆಗಿರುವ ಬೆಳ್ಳಿ ಡಾಲರ್ ಮತ್ತೆ ಗ್ರೇಡಿಂಗ್‌ಗೆ ಕಳಿಸಬೇಕಾ? ನಾನು ನೋಡಿದ ದಾರಿಗಳು

ಗ್ರೇಡಿಂಗ್ ಕಂಪನಿ ನಾಣ್ಯವನ್ನು ಸೀಲ್ ಮಾಡಿ ಕೊಡುವ ಪ್ಲಾಸ್ಟಿಕ್ ಹೋಲ್ಡರ್‌ಗೆ ಸ್ಲ್ಯಾಬ್ ಎನ್ನುತ್ತಾರೆ. ಅದರ ಮೇಲೆ ಗ್ರೇಡ್ ಎಂಎಸ್ 64 ಎಂದಿದೆ. ನಿಮ್ಮ ಕಣ್ಣಿಗೆ ಮಾತ್ರ ಅದು 65. ಅಮೆರಿಕದ ಹಳೆ ಬೆಳ್ಳಿ ನಾಣ್ಯವಾದ ಮಾರ್ಗನ್ ಡಾಲರ್ ಕೂಡಿಡುವವರಲ್ಲಿ ಒಮ್ಮೆಯಾದರೂ ಹೀಗೆ ಅನಿಸದವರು ಇರಲಿಕ್ಕಿಲ್ಲ. ನಾನಿರುವುದು ಅಮೆರಿಕದಲ್ಲಿ. ನನ್ನ ಪೆಟ್ಟಿಗೆಯಲ್ಲಿ ಜಾಸ್ತಿ ಇರುವುದೂ ಮಾರ್ಗನ್‌ಗಳೇ. ಮರುಗ್ರೇಡಿಂಗ್‌ಗೆ ಇರುವ ದಾರಿಗಳನ್ನು ಬೇರೆ ಬೇರೆ ನಾಣ್ಯಗಳ ಮೇಲೆ ಹಾಕಿ ನೋಡಿದ್ದೇನೆ. ಯಾವ ಕಂಪನಿ ನನಗೆ ಏನು ಫಲ ಕೊಟ್ಟಿತು ಎಂದು ಹೆಸರು ಹಿಡಿದು ಹೇಳುವುದಿಲ್ಲ. ನನ್ನ ಕೆಲವೇ ನಾಣ್ಯಗಳಿಂದ ಯಾರನ್ನೂ ಅಳೆಯಲು ಬರುವುದಿಲ್ಲ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಮಾರ್ಗನ್ ಡಾಲರ್ 1878ರಿಂದ 1904ರವರೆಗೆ, ಆಮೇಲೆ 1921ರಲ್ಲಿ ಮತ್ತೆ ಅಚ್ಚಾಯಿತು. ತೂಕ 26.73 ಗ್ರಾಂ, ಶೇ 90 ಬೆಳ್ಳಿ. ಗ್ರೇಡ್ 1ರಿಂದ 70ರವರೆಗೆ. 60 ಮತ್ತು ಅದರ ಮೇಲಿನದು ಎಂಎಸ್, ಅಂದರೆ ಚಲಾವಣೆಯಲ್ಲಿ ಸವೆಯದ ನಾಣ್ಯ. ಎಯು 58 ಅಂದರೆ ಒಂಚೂರು ಮಾತ್ರ ಸವೆದದ್ದು. ಪಿಸಿಜಿಎಸ್ ಎಂಬ ಕಂಪನಿ 1986ರಲ್ಲಿ, ಎನ್‌ಜಿಸಿ ಎಂಬ ಇನ್ನೊಂದು ಕಂಪನಿ 1987ರಲ್ಲಿ ಗ್ರೇಡಿಂಗ್ ಶುರು ಮಾಡಿದವು. 2010ರಿಂದ 64+ ಥರದ, ಅಂದರೆ 64ಕ್ಕಿಂತ ಮೇಲು ಆದರೆ 65 ಮುಟ್ಟದ, ಪ್ಲಸ್ ಗ್ರೇಡ್‌ಗಳೂ ಬಂದವು.

ಗ್ರೇಡ್ ಅನ್ನುವುದು ಅನುಭವಿ ಕಣ್ಣುಗಳ ಅಭಿಪ್ರಾಯ. ಅದು ಕಾಲಕ್ಕೆ ತಕ್ಕಂತೆ ಸ್ವಲ್ಪ ಬಿಗಿ, ಸ್ವಲ್ಪ ಸಡಿಲ ಆಗುತ್ತಿರುತ್ತದೆ. ಆರಂಭದ ವರ್ಷಗಳಲ್ಲಿ 64 ಪಡೆದ ಕೆಲವು ನಾಣ್ಯಗಳಿಗೆ ಇವತ್ತು 65 ಸಿಗಬಹುದು. ಆದ್ದರಿಂದಲೇ ಆಸೆ ಹುಟ್ಟುವುದು. ಪಿಯುಸಿ ಉತ್ತರ ಪತ್ರಿಕೆಯನ್ನು ಮರುಮೌಲ್ಯಮಾಪನಕ್ಕೆ ಹಾಕಿದ ಹಾಗೆ ಇದು. ಗಡಿಯಲ್ಲಿ ನಿಂತವರಿಗೆ ಮಾತ್ರ ಅರ್ಥವಿದೆ, ಉಳಿದವರು ಕಟ್ಟುವುದು ಬರೀ ಫೀಸು.

ಕಣ್ಣಿಗಿಂತ ಮೊದಲು ಲೆಕ್ಕ

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳಿ. ಈಗಿನ ಗ್ರೇಡ್‌ನಲ್ಲಿ ನಾಣ್ಯದ ಬೆಲೆ 200 ಡಾಲರ್, ಮುಂದಿನ ಗ್ರೇಡ್‌ನಲ್ಲಿ 350. ಗ್ರೇಡಿಂಗ್ ಫೀಸು, ಎರಡು ಕಡೆಯ ಅಂಚೆ, ವಿಮೆ, ಹ್ಯಾಂಡ್ಲಿಂಗ್ ಎಲ್ಲ ಸೇರಿ 70 ಡಾಲರ್ ಖರ್ಚು ಅನ್ನೋಣ. ಗೆದ್ದರೆ ಸಿಗುವುದು 150. ಅಂದರೆ ನಾಣ್ಯಕ್ಕೆ ಹತ್ತಿರ ಹತ್ತಿರ ಅರ್ಧದಷ್ಟು ಅವಕಾಶ ಇದ್ದರೆ ಮಾತ್ರ ಖರ್ಚು ಹುಟ್ಟುತ್ತದೆ. ಇದು ಗ್ರೇಡ್ ಇಳಿಯುವ ಭಯ ಇಲ್ಲದ ದಾರಿಯ ಲೆಕ್ಕ.

ಹೋಲ್ಡರ್ ಒಡೆದು ಕಳಿಸಿದರೆ ಇಳಿಯಲೂಬಹುದು. ಇಳಿದರೆ ಬೆಲೆ 120 ಆಗುತ್ತದೆ ಅನ್ನಿ. ಏರುವ ಅವಕಾಶ ಶೇ 30, ಇಳಿಯುವುದು ಶೇ 20, ಹಾಗೇ ಉಳಿಯುವುದು ಶೇ 50. ಲೆಕ್ಕ ಹಾಕಿದರೆ ಸರಾಸರಿ 41 ಡಾಲರ್ ಕೈಬಿಡುತ್ತದೆ. ಶೇ 30 ಅಂದರೆ ಕಮ್ಮಿ ಅವಕಾಶವೇನಲ್ಲ, ಅಲ್ವಾ? ಆದರೂ ನಷ್ಟ.

ಹಾಗಾಗಿ ಮೊದಲು ನೋಡಬೇಕಾದ್ದು ಎರಡು ಗ್ರೇಡ್‌ಗಳ ನಡುವೆ ಬೆಲೆ ಎಷ್ಟು ಜಿಗಿಯುತ್ತದೆ ಅನ್ನುವುದನ್ನು. ಇಸವಿಯ ಮುಂದಿನ ಅಕ್ಷರ ಟಂಕಸಾಲೆಯದು: ಎಸ್ ಅಂದರೆ ಸ್ಯಾನ್ ಫ್ರಾನ್ಸಿಸ್ಕೊ, ಒ ಅಂದರೆ ನ್ಯೂ ಆರ್ಲಿನ್ಸ್. 1880-ಎಸ್, 1881-ಎಸ್ ಥರದ ಸ್ಯಾನ್ ಫ್ರಾನ್ಸಿಸ್ಕೊ ನಾಣ್ಯಗಳು 63, 64ರಲ್ಲಿ ಧಾರಾಳ ಸಿಗುತ್ತವೆ. 63ರಿಂದ 64ಕ್ಕೆ ಏರಿದರೂ ಫೀಸು ಹುಟ್ಟುವುದಿಲ್ಲ. 1884-ಎಸ್, 1886-ಒ, ಫಿಲಡೆಲ್ಫಿಯಾದ 1901 ಇವುಗಳ ಕಥೆಯೇ ಬೇರೆ. ಎಯು 58ರಿಂದ ಎಂಎಸ್‌ಗೆ ದಾಟಿದ ಕೂಡಲೇ ಬೆಲೆ ಹಲವು ಪಟ್ಟು ಮೇಲೆ ಹೋಗುತ್ತದೆ. ಆದರೆ ಗ್ರೇಡರ್‌ಗಳಿಗೂ ಇದು ಗೊತ್ತು. ಅಂಥ ಗಡಿ ದಾಟಿಸುವಾಗ ಅವರು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ.

ಸಿಎಸಿ ಸ್ಟಿಕರ್

ನನಗೆ ತುಂಬ ಹಿಡಿಸಿದ್ದು ಇದು. ನಿಜ ಹೇಳಬೇಕೆಂದರೆ ಇದು ಮರುಗ್ರೇಡಿಂಗ್ ಅಲ್ಲವೇ ಅಲ್ಲ. ಸಿಎಸಿ ಅನ್ನುವುದು 2007ರಲ್ಲಿ ಜಾನ್ ಅಲ್ಬನೀಸ್ ಶುರು ಮಾಡಿದ ಸಂಸ್ಥೆ. ಪಿಸಿಜಿಎಸ್ ಅಥವಾ ಎನ್‌ಜಿಸಿ ಹೋಲ್ಡರ್‌ನಲ್ಲಿರುವ ನಾಣ್ಯವನ್ನು ಹಾಗೇ ನೋಡಿ, ಆ ಗ್ರೇಡ್‌ಗೆ ಗಟ್ಟಿಯಾಗಿದೆ ಅನಿಸಿದರೆ ಹಸಿರು ಸ್ಟಿಕರ್ ಅಂಟಿಸುತ್ತಾರೆ. ಮುಂದಿನ ಗ್ರೇಡ್‌ಗೂ ಗಟ್ಟಿ ಅನಿಸಿದರೆ ಚಿನ್ನದ ಬಣ್ಣದ್ದು. ಪ್ಲಸ್ ಗುರುತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಏನೂ ಸಿಗದಿದ್ದರೆ ನಾಣ್ಯ ಇದ್ದ ಹಾಗೇ ವಾಪಸ್.

ನನ್ನ 1881-ಎಸ್ ಹಳೆಯ ಹಸಿರು ಲೇಬಲ್ ಹೋಲ್ಡರ್‌ನಲ್ಲಿತ್ತು, ಎಂಎಸ್ 64. ನಾಣ್ಯದ ಮೇಲಿನ ಲಿಬರ್ಟಿಯ ಮುಖದಲ್ಲಿ ಕೆನ್ನೆ ನುಣ್ಣಗೆ, ಬೆಳಕು ತಿರುಗಿಸಿದರೆ ಹೊಳಪು ಗಾಲಿಯ ಕಡ್ಡಿಗಳಂತೆ ಸುತ್ತುತ್ತದೆ. ಒಡೆಯುವ ಆಸೆ ಬಲವಾಗಿತ್ತು. ಮೊದಲು ಸ್ಟಿಕರ್‌ಗೆ ಕಳಿಸಿದೆ, ಹಸಿರು ಬಂತು. ಅಲ್ಲಿಗೆ ನಿರ್ಧಾರವೂ ಆಯಿತು. ಹಳೆ ಹೋಲ್ಡರ್‌ಗೆ ಅದರದೇ ಗಿರಾಕಿಗಳಿದ್ದಾರೆ, ಅವರು ಹೋಲ್ಡರ್‌ಗೆಂದೇ ಒಂದಿಷ್ಟು ಜಾಸ್ತಿ ಕೊಡುತ್ತಾರೆ. ಹಳೆ ಹೋಲ್ಡರ್ ಮತ್ತು ಹಸಿರು ಸ್ಟಿಕರ್ ಎರಡೂ ಸೇರಿದಾಗ ಸಾಮಾನ್ಯ 65ರ ಬೆಲೆಗೆ ಅದು ತೀರಾ ದೂರ ಉಳಿಯುವುದಿಲ್ಲ. ಒಡೆದಿದ್ದರೆ ಎರಡೂ ಹೋಗುತ್ತಿದ್ದವು.

ಚಿನ್ನದ ಸ್ಟಿಕರ್ ಬಂದಿದ್ದರೂ ನಾನು ಒಡೆಯುತ್ತಿರಲಿಲ್ಲ. ಚಿನ್ನದ ಸ್ಟಿಕರ್‌ನ 64ಕ್ಕೆ ಎಷ್ಟೋ ಸಲ 65ರ ಬೆಲೆಯೇ ಸಿಗುತ್ತದೆ. ಇನ್ನು ಯಾಕೆ ಒಡೆಯಬೇಕು?

ಹೋಲ್ಡರ್ ಒಡೆಯದೆ ಮರುಪರಿಶೀಲನೆ

ಪಿಸಿಜಿಎಸ್‌ನಲ್ಲಿ ಇದಕ್ಕೆ ರಿಕನ್ಸಿಡರೇಷನ್ ಎನ್ನುತ್ತಾರೆ. ನಾಣ್ಯವನ್ನು ಅದರ ಹೋಲ್ಡರ್‌ನಲ್ಲೇ ಇಟ್ಟು ನೋಡುತ್ತಾರೆ. ಜಾಸ್ತಿ ಗ್ರೇಡ್‌ಗೆ ಯೋಗ್ಯ ಅನಿಸಿದರೆ ಮಾತ್ರ ತೆಗೆಯುತ್ತಾರೆ. ಇಳಿಯುವ ಭಯ ಇಲ್ಲ. ಏರಿದರೆ ಹೊಸ ಬೆಲೆಗೆ ತಕ್ಕಂತೆ ಇನ್ನಷ್ಟು ಶುಲ್ಕ ಇರುತ್ತದೆ, ಅದು ಲೆಕ್ಕದಲ್ಲಿರಲಿ.

ಈ ಥರದ ಪರಿಶೀಲನೆಗೆ ನಾನು ಕಳಿಸಿದ್ದು 1886-ಒ, ಎಯು 58. ನ್ಯೂ ಆರ್ಲಿನ್ಸ್ ಟಂಕಸಾಲೆ ಆ ವರ್ಷ 1 ಕೋಟಿಗಿಂತ ಜಾಸ್ತಿ ಡಾಲರ್ ಅಚ್ಚು ಹಾಕಿತ್ತು. ಆದರೂ ಒಳ್ಳೆ ಎಂಎಸ್ ನಾಣ್ಯ ಸಿಗುವುದು ಕಷ್ಟ. ಬಹಳಷ್ಟು ಚಲಾವಣೆಗೆ ಹೋದವು. 1918ರ ಪಿಟ್‌ಮನ್ ಕಾಯ್ದೆಯಡಿ 27 ಕೋಟಿ ಬೆಳ್ಳಿ ಡಾಲರ್‌ಗಳನ್ನು ಕರಗಿಸಿದಾಗ ಯಾವ ವರ್ಷದ್ದು ಎಷ್ಟು ಹೋಯಿತು ಎಂದು ಯಾರೂ ಬರೆದಿಡಲೂ ಇಲ್ಲ.

ಇಲ್ಲಿನ ತಕರಾರು ಸೊಗಸಾಗಿದೆ. ನ್ಯೂ ಆರ್ಲಿನ್ಸ್ ನಾಣ್ಯಗಳ ಅಚ್ಚು ಎಷ್ಟೋ ಸಲ ಮೆತ್ತಗಿರುತ್ತದೆ. ಲಿಬರ್ಟಿಯ ಕಿವಿಯ ಮೇಲಿನ ಕೂದಲು ಮತ್ತು ಹಿಂಬದಿಯ ಹದ್ದಿನ ಎದೆಯ ಗರಿಗಳು ಚಪ್ಪಟೆಯಾಗಿರುತ್ತವೆ. ಸವೆತ ಮೊದಲು ಕಾಣುವುದೂ ಅದೇ ಜಾಗಗಳಲ್ಲಿ! ಹಾಗಾದರೆ ಚಪ್ಪಟೆ ಕಂಡದ್ದು ಹುಟ್ಟಿನಿಂದ ಬಂದದ್ದೋ, ಕೈಯಿಂದ ಕೈಗೆ ಹೋಗಿ ಸವೆದದ್ದೋ? ನಾನು ನೋಡುವುದು ಹೀಗೆ. ಒಂದೇ ಬಲ್ಬಿನ ಕೆಳಗೆ ನಾಣ್ಯವನ್ನು ನಿಧಾನಕ್ಕೆ ಓಲಾಡಿಸಬೇಕು. ಅಚ್ಚು ಮೆತ್ತಗಿದ್ದರೆ ಆ ಜಾಗದಲ್ಲೂ ಹೊಳಪು ಕಡಿಯದೆ ಹರಿಯುತ್ತದೆ. ಲೆನ್ಸ್ ಹಿಡಿದರೆ ಅಚ್ಚಿಗೆ ಮೊದಲು ಲೋಹದ ಬಿಲ್ಲೆ ಮೇಲಿದ್ದ ಸಣ್ಣ ತರಚುಗಳೂ ಕಾಣುತ್ತವೆ. ಸವೆದಿದ್ದರೆ ಹೊಳಪು ಅಲ್ಲಿ ತಟ್ಟನೆ ನಿಂತು ಮಂಕು ಬೂದು ಬಣ್ಣ ಬರುತ್ತದೆ. ಕೆನ್ನೆಯನ್ನೂ ನೋಡಿ. ಕೂದಲು ಚಪ್ಪಟೆ ಇದ್ದು ಕೆನ್ನೆ ತಾಜಾ ಇದ್ದರೆ ಆಸೆ ಇಟ್ಟುಕೊಳ್ಳಬಹುದು.

ನನ್ನ ನಾಣ್ಯದಲ್ಲಿ ಕೂದಲಿನ ಮೇಲೆ ಹೊಳಪು ಹರಿಯುತ್ತಿತ್ತು. ಹದ್ದಿನ ಎದೆಯಲ್ಲಿ ಮಾತ್ರ ಅನುಮಾನ. ಫಲಿತಾಂಶ: ಬದಲಾವಣೆ ಇಲ್ಲ. ಹೋದದ್ದು ಫೀಸು ಮಾತ್ರ. ಬೆಲೆಯ ಜಿಗಿತ ಅಷ್ಟು ದೊಡ್ಡದಿದ್ದಾಗ ಈ ಮೊತ್ತ ಕೊಡಬಹುದು ಎಂದೇ ಈಗಲೂ ನನ್ನ ಅಭಿಪ್ರಾಯ. ಆದರೆ ಈ ದಾರಿಗೆ ಒಂದು ಮಿತಿ ಇದೆ. ಹಳೆ ಗ್ರೇಡ್ ಕಣ್ಣೆದುರೇ ಇರುತ್ತದೆ, ಹಾಗಾಗಿ ಅದನ್ನು ಮೀರಿ ಯೋಚಿಸುವುದು ಯಾರಿಗೂ ಕಷ್ಟ. ಪ್ಲಾಸ್ಟಿಕ್ ಮೇಲೆ ಗೀರುಗಳಿದ್ದರೆ ಇನ್ನೂ ಕಷ್ಟ.

ಒಡೆದು ಕಳಿಸುವುದು

ಕ್ರ್ಯಾಕ್‌ಔಟ್. ಈ ಹವ್ಯಾಸದಲ್ಲಿ ಜೂಜಿಗೆ ಹತ್ತಿರದ್ದು ಇದೇ. ಕಟಿಂಗ್ ಪ್ಲೈಯರ್‌ನಿಂದ ಹೋಲ್ಡರ್‌ನ ಅಂಚನ್ನು ಸ್ವಲ್ಪ ಸ್ವಲ್ಪವೇ ಚಿವುಟುತ್ತಾ ಬಂದರೆ ಅದು ಬಾಯಿ ಬಿಡುತ್ತದೆ. ಕೆಳಗೆ ದಪ್ಪ ಟವೆಲ್, ಕಣ್ಣಿಗೆ ಕನ್ನಡಕ ಇರಲೇಬೇಕು. ಪ್ಲಾಸ್ಟಿಕ್ ಚೂರು ಸಿಡಿಯುತ್ತದೆ. ಮೊದಲೇ ಎರಡೂ ಬದಿಯ ಫೋಟೊ ತೆಗೆದಿಡಿ. ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿಯಿರಿ. ಕೆನ್ನೆ ಮೇಲೆ ಒಂದು ಹೊಸ ಗೀರು ಬಿದ್ದರೆ ಇಷ್ಟೆಲ್ಲ ಮಾಡಿದ್ದಕ್ಕೆ ಅರ್ಥವೇ ಇಲ್ಲ.

ಒಡೆದ ಗಳಿಗೆಯಿಂದ ಅದು ಲೇಬಲ್ ಇಲ್ಲದ ನಾಣ್ಯ. ಕಂಪನಿ ಕೊಟ್ಟಿದ್ದ ಅಸಲಿತನದ, ಗ್ರೇಡ್‌ನ ಖಾತರಿ ಅಲ್ಲಿಗೆ ಮುಗಿಯಿತು. ಹಿಂದಿನ ಸಲ ಕಣ್ತಪ್ಪಿದ್ದ ಹಳೆ ಉಜ್ಜುವಿಕೆ ಈ ಸಲ ಕಂಡರೆ ನಂಬರೇ ಸಿಗುವುದಿಲ್ಲ, ಡೀಟೇಲ್ಸ್ ಎಂದು ಬರೆದು ಕಳಿಸುತ್ತಾರೆ. ಲಾಭ ಒಂದೇ. ಗ್ರೇಡರ್‌ಗೆ ಹಳೆ ನಂಬರ್ ಗೊತ್ತಿರುವುದಿಲ್ಲ.

ನಾನು ಒಡೆದವುಗಳಲ್ಲಿ ಒಂದು 1880-ಎಸ್ ಮತ್ತೆ 64 ಎಂದೇ ಬಂತು. 1898-ಒ ಮಾತ್ರ 63ರಿಂದ 64ಕ್ಕೆ ಏರಿತು. ಖುಷಿಯಾಯಿತು ನಿಜ, ಆದರೆ 1898-ಒ ಅಪರೂಪದ್ದಲ್ಲ. 1962ರಲ್ಲಿ ಅಮೆರಿಕದ ಖಜಾನೆಯಿಂದ ಸಾವಿರ ನಾಣ್ಯಗಳ ಚೀಲ ಚೀಲವೇ ಹೊರಬಂದಿತ್ತು. ಹೆಚ್ಚಾದ ಬೆಲೆಯನ್ನೆಲ್ಲ ಫೀಸು ಮತ್ತು ಅಂಚೆಯೇ ನುಂಗಿತು. ಇಂಥ ಗೆಲುವನ್ನು ಗೆಲುವು ಅನ್ನಲು ನನಗೆ ಮನಸ್ಸಿಲ್ಲ.

ಒಡೆದ ಮೇಲೆ ಉಳಿದ ಹಳೆ ಲೇಬಲ್ಲನ್ನು ಆ ಕಂಪನಿಗೆ ವಾಪಸ್ ಕಳಿಸಿ, ದಯವಿಟ್ಟು. ಇಲ್ಲವಾದರೆ ಒಂದೇ ನಾಣ್ಯ ಯಾವ ಗ್ರೇಡ್‌ನಲ್ಲಿ ಎಷ್ಟು ನಾಣ್ಯ ಇವೆ ಎಂದು ತೋರಿಸುವ ಅವರ ಪಾಪ್ಯುಲೇಷನ್ ಪಟ್ಟಿಯಲ್ಲಿ ಎರಡಾಗಿ, ಮೂರಾಗಿ ಎಣಿಕೆ ಆಗುತ್ತದೆ. ಬೆಲೆಯ ಜಿಗಿತ ದೊಡ್ಡದಿರುವ ನಾಣ್ಯಗಳಲ್ಲಂತೂ ಮತ್ತೆ ಮತ್ತೆ ಕಳಿಸುವವರು ಜಾಸ್ತಿ, ಹಾಗಾಗಿ ಆ ಪಟ್ಟಿಯ ಅಂಕಿಗಳನ್ನು ನಾನು ಪೂರ್ತಿ ನಂಬುವುದಿಲ್ಲ.

ಕಾರ್ಸನ್ ಸಿಟಿ ಟಂಕಸಾಲೆಯ ಡಾಲರ್ ಅಮೆರಿಕ ಸರ್ಕಾರದ ಜಿಎಸ್ಎ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿದ್ದರೆ ಒಡೆಯುವ ಮಾತೇ ಬೇಡ. 1972ರಿಂದ 1974ರವರೆಗೆ, ಆಮೇಲೆ 1980ರಲ್ಲಿ ಮಾರಾಟವಾದ ಆ ಪೆಟ್ಟಿಗೆಗೇ ಬೆಲೆ ಇದೆ. ಪೆಟ್ಟಿಗೆ ಸಮೇತ ಗ್ರೇಡ್ ಮಾಡಿ ಪಟ್ಟಿ ಸುತ್ತಿ ಕೊಡುತ್ತಾರೆ.

ಕ್ರಾಸ್‌ಓವರ್, ಮತ್ತೆ ಇನ್ನೆರಡು

ಒಂದು ಕಂಪನಿಯ ಹೋಲ್ಡರ್‌ನಲ್ಲಿರುವುದನ್ನು ಇನ್ನೊಂದಕ್ಕೆ ಬದಲಿಸುವುದು ಕ್ರಾಸ್‌ಓವರ್. ಕನಿಷ್ಠ ಇಷ್ಟು ಗ್ರೇಡ್ ಬಂದರೆ ಮಾತ್ರ ಬದಲಿಸಿ ಎಂದು ಫಾರ್ಮ್‌ನಲ್ಲಿ ಬರೆಯಬಹುದು. ಬರದಿದ್ದರೆ ಹಳೆ ಹೋಲ್ಡರ್‌ನಲ್ಲೇ ವಾಪಸ್, ಫೀಸು ಮಾತ್ರ ಹೋಯಿತು. ನನ್ನದು ವಾಪಸ್ ಬಂತು. ಒಂದೇ ಕಂಪನಿಯ ರಿಜಿಸ್ಟ್ರಿ ಸೆಟ್, ಅಂದರೆ ಆ ಕಂಪನಿಯ ಪಟ್ಟಿಯಲ್ಲಿ ದಾಖಲಿಸುವ ಸಂಗ್ರಹ, ಕಟ್ಟುವವರಿಗೆ ಇದು ಬೇಕಾಗುತ್ತದೆ. ಗ್ರೇಡ್ ಏರಿಸುವ ಆಸೆಗೆ ಇದು ದಾರಿಯಲ್ಲ.

ನಾಣ್ಯದ ಮೇಲೆ ಹಸಿರು ಜಿಡ್ಡು ಕಂಡರೆ ಅದು ಮೆತ್ತನೆ ಪಿವಿಸಿ ಕವರ್‌ನಿಂದ ಬಂದದ್ದು, ಬಿಟ್ಟರೆ ಬೆಳ್ಳಿಯನ್ನು ತಿನ್ನುತ್ತದೆ. ಆಗ ಎನ್‌ಜಿಸಿ ಬಳಗದ ನಾಣ್ಯ ಸಂರಕ್ಷಣಾ ಸಂಸ್ಥೆ ಎನ್‌ಸಿಎಸ್ ಅಥವಾ ಪಿಸಿಜಿಎಸ್‌ನ ರೆಸ್ಟೊರೇಷನ್ ವಿಭಾಗಕ್ಕೆ ಕಳಿಸುವುದು ಸರಿ. ಗ್ರೇಡ್ ಏರದಿದ್ದರೂ ನಾಣ್ಯ ಉಳಿಯುತ್ತದೆ. ಬರೀ ಕಪ್ಪಾಗಿದೆ ಎಂದು ಡಿಪ್ ಮಾಡಿಸಲು, ಅಂದರೆ ರಾಸಾಯನಿಕ ದ್ರಾವಣದಲ್ಲಿ ಅದ್ದಿಸಲು, ಹೊರಟರೆ ಎರಡು ಸಲ ಯೋಚಿಸಿ. ಡಿಪ್ ದ್ರಾವಣ ಬೆಳ್ಳಿಯ ತೆಳು ಪದರವನ್ನೂ ಜೊತೆಗೆ ತೆಗೆಯುತ್ತದೆ. ಮತ್ತೆ ಮತ್ತೆ ಮಾಡಿದರೆ ಹೊಳಪೇ ಸತ್ತು ಹೋಗುತ್ತದೆ.

ಲೇಬಲ್ ಮೇಲೆ ತಳಿ, ಅಂದರೆ ಅಚ್ಚಿನಲ್ಲೇ ಸಣ್ಣ ವ್ಯತ್ಯಾಸವಿರುವ ವೆರೈಟಿಯ ಹೆಸರು, ಬರೆದಿಲ್ಲದ ನಾಣ್ಯಗಳೂ ಇರುತ್ತವೆ. 1888-ಒದಲ್ಲಿ ತುಟಿ ಎರಡೆರಡಾಗಿ ಕಾಣುವ ಹಾಟ್ ಲಿಪ್ಸ್ ಎಂಬುದೊಂದಿದೆ. ಅಂಥದ್ದು ಸಾಮಾನ್ಯ ಲೇಬಲ್‌ನಲ್ಲಿ ಸಿಕ್ಕರೆ ಗ್ರೇಡ್ ಏರಬೇಕಿಲ್ಲ, ಹೆಸರು ಬರೆಸಿದರೆ ಸಾಕು. ಮತ್ತೆ ಕಳಿಸಲು ಇದಕ್ಕಿಂತ ಒಳ್ಳೆ ಕಾರಣ ನನಗೆ ಗೊತ್ತಿಲ್ಲ.

ಒಂದು ರೂಪಾಯಿ

ಇಲ್ಲಿಯ ಕಾಯಿನ್ ಶೋ ಒಂದರಲ್ಲಿ ವಿಕ್ಟೋರಿಯಾ ರಾಣಿಯ 1862ರ ರೂಪಾಯಿ ಕೊಂಡಿದ್ದೆ. ಸ್ಲ್ಯಾಬ್ ಮೇಲೆ ಎಯು ಡೀಟೇಲ್ಸ್, ಕ್ಲೀನ್ಡ್ ಎಂದಿತ್ತು. ಈ ರೂಪಾಯಿ 1874ರವರೆಗೆ ಅಚ್ಚಾದರೂ ಅದರ ಮೇಲಿನ ಇಸವಿ 1862 ಎಂದೇ ಇರುತ್ತದೆ. ಮುಂಬೈ ಟಂಕಸಾಲೆಯವರು ವರ್ಷ ಗೊತ್ತಾಗಲೆಂದು ಚುಕ್ಕೆ ಇಡುತ್ತಿದ್ದರು. ಇನ್ನೊಂದು ಕಂಪನಿಯ ಕಣ್ಣಿಗೆ ಬೇರೆ ಕಾಣಬಹುದು ಎಂದು ಕಳಿಸಿದೆ. ಅಲ್ಲೂ ಅದೇ ತೀರ್ಪು. ಸರಿಯಾದ ತೀರ್ಪೇ. ನಾಣ್ಯವನ್ನು ವಾರೆ ಮಾಡಿದರೆ ಒಂದೇ ದಿಕ್ಕಿಗೆ ಎಳೆದ ನವಿರು ಗೀರುಗಳು ಕಾಣುತ್ತವೆ. ನಮ್ಮ ಬೆಳ್ಳಿ ರೂಪಾಯಿಗಳ ಹಣೆಬರಹವೇ ಅದು. ಲಕ್ಷ್ಮೀ ಪೂಜೆ ಬಂತೆಂದರೆ ಹುಣಸೆಹಣ್ಣು ಹಾಕಿ ಫಳಫಳ ಉಜ್ಜುತ್ತೇವೆ. ಉಜ್ಜಿರದಿದ್ದರೆ ಸರಾಫರ ಗುರುತು ಇರುತ್ತದೆ, ಇಲ್ಲವೇ ಸರಕ್ಕೆ ಹಾಕಿದ್ದ ಕೊಂಡಿ ಕಿತ್ತ ಗಾಯ. ಕ್ಲೀನ್ಡ್ ಎಂದು ಬಂದ ನಾಣ್ಯವನ್ನು ಮತ್ತೆ ಕಳಿಸುವುದು ನನ್ನ ಮಟ್ಟಿಗೆ ದಂಡ.

ಕರ್ನಾಟಕದಿಂದ ಕೇಳುವವರಿಗೆ ಒಂದು ಮಾತು. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ 100 ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವ ಹಾಗಿಲ್ಲ, ಗ್ರೇಡಿಂಗ್‌ಗೆಂದರೂ ಅಷ್ಟೇ. ಅಜ್ಜಿಯ ಪೆಟ್ಟಿಗೆಯ ವಿಕ್ಟೋರಿಯಾ ರೂಪಾಯಿಯನ್ನು ಅಮೆರಿಕಕ್ಕೆ ಹೋಗುವ ನೆಂಟರ ಕೈಗೆ ಸುಮ್ನೆ ಕೊಟ್ಟು ಕಳಿಸಬೇಡಿ. 100 ವರ್ಷ ಆಗದ, 1940ರಿಂದ 1945ರವರೆಗಿನ ಆರನೇ ಜಾರ್ಜ್ ರೂಪಾಯಿಗಳಲ್ಲಿ ಬೆಳ್ಳಿ ಅರ್ಧದಷ್ಟೇ, ನಾಣ್ಯಗಳೂ ಧಾರಾಳ. ಅವುಗಳ ಗ್ರೇಡ್ ಒಂದು ಮೆಟ್ಟಿಲು ಏರಿದರೂ ಹೋಗಿಬರುವ ಅಂಚೆ, ವಿಮೆ, ಕಸ್ಟಮ್ಸ್ ಖರ್ಚು ಹುಟ್ಟುವುದು ಕಷ್ಟ.